ಎಳಿಯದ ಗೆರಿ

ನನ್ನ ಬಾಯಿ ಭಾಳ ಜೋರು. ಎಪ್ಪತ್ತರ ದಶಕದ ಕೊನಿಗೆ ರಾಯಚೂರಿನ ಒಂದು ದವಾಖಾನ್ಯಾಗ ತುರ್ತು ವಾರ್ಡಿನ ನರ್ಸಾಗಿದ್ದೆ. ಡಾಕ್ಟರು ಸೈತ ನನಗ ಅಂಜಿ ಮಾತಾಡ್ತಿದ್ರು. ಅಂಥಾ ಬಾಯಿ ಒಂದು ಮಧ್ಯಾಹ್ನ, ತೆರಿಬೇಕಾದ ಹೊತ್ತಿಗೇ ಬೀಗ ಹಾಕ್ಕೊಂಡು ಕುಂತಿತು. ಅದನ್ನ ಹೇಳಾಕತ್ತೀನಿ.

ವಾರ್ಡಿನ್ಯಾಗ ನಾವಿಬ್ಬರು ಜೋಡಿ. ಇನ್ನೊಬ್ಬಾಕಿ ಬಳಿ ಮಾರೋ ಅಂಗಡಿಯವರ ಮಗಳು, ಮನ್ಯಾಗ ದಖನಿ ಉರ್ದು ಮಾತು, ನನ್ನ ಕೂಡ ನನಗಿಂತ ಚಲೋ ಕನ್ನಡ. ಅಪ್ಪ ತೀರಿಹೋಗಿದ್ದ. ತಾಯಿಗೆ ಎರಡೂ ಕಣ್ಣು ಕಾಣತಿರಲಿಲ್ಲ. ಆದ್ರೂ ತಮ್ಮ ಗಲ್ಲಿ ಆ ಮುದುಕಿಯ ಕಾಲಿಗೆ ಗೊತ್ತಿತ್ತು. ಒಬ್ಬಾಕಿನೇ ಗ್ವಾಡಿ ಹಿಡಕೊಂಡು ನಾಕು ಮನಿ ತಿರುಗಿ ಹರಟಿ ಹೊಡದು ಬರ್ತಿದ್ಲು. ತಾಯಿಗೆ ಆ ಗಲ್ಲಿ ತಪ್ಪಬಾರದು ಅಂತ ಮಗಳು ಬ್ಯಾರೆ ಊರಿನ ಬಡ್ತಿ ಬಂದ್ರೂ ಒಲ್ಲೆ ಅಂದಿದ್ಲು.

ನಮ್ಮ ಕೆಲಸ ಹೆಂಗಿತ್ತಂದ್ರ, ನಾ ಕೈ ಚಾಚಿದ್ರ ಬೇಕಾದ್ದು ಬಂದು ಕೈಯಾಗ ಕೂಡ್ತಿತ್ತು. ಕೇಳೋದು ಬ್ಯಾಡ, ತಿರುಗಿ ನೋಡೋದೂ ಬ್ಯಾಡ. ಉಣ್ಣದೆ ದುಡದ ದಿನಾನೂ ಮನಿಗೆ ಹಾಡಿಕೋತ ಹೋಗ್ತಿದ್ದೆ. ಆ ಸುಖ ನನಗ ಮುಂದ ಎಲ್ಲೂ ಸಿಗಲಿಲ್ಲ.

ಬೆಳಿಗೆ ಹೊಡಿಯೋ ಹುಳದ ಎಣ್ಣಿ ಹೊಟ್ಟಿಗೆ ಹೋದವರು ಬಂದ್ರ ಹತ್ಹತ್ತು ನಿಮಿಷಕ್ಕ ಸೂಜಿ ಕೊಡಬೇಕು; ಹೆಚ್ಚಾದ್ರ ಆ ಔಷಧಾನೂ ವಿಷಾನೇ. ಕಾಗದದಾಗ ಬರಿಯಾಕ ಪುರುಸೊತ್ತು ಎಲ್ಲೀದು? ಮಂಚದ ತಲಿಕಡಿ ಗ್ವಾಡಿ ಮ್ಯಾಲ ಸೀಮಿಸುಣ್ಣದ ಗೆರಿ, ಬಾಜೂಕ ಹೊತ್ತು. ಯಾರು ಸೂಜಿ ಕೊಡ್ತಾರೋ ಅವರೇ ಗೆರಿ ಎಳದು ಅಲ್ಲಿಂದ ಕದಲಬೇಕು. ಇದು ನಾವಿಬ್ಬರೇ ಮಾಡ್ಕೊಂಡ ಕಾನೂನು.

ಅವತ್ತು ಮಾನ್ವಿ ಕಡಿ ಕಲ್ಲೂರಿಂದ ಕುರಿ ಕಾಯೋ ಹೆಣ್ಣುಮಗಳನ್ನ ಹೊತ್ಕೊಂಡು ಬಂದ್ರು. ಎಣ್ಣಿ ಕಲಸಿದ್ದ ತಂಬಿಗ್ಯಾಗ ತಿಳೀದೆ ನೀರು ಕುಡದುಬಿಟ್ಟಿದ್ಲು. ನಮ್ಮಿಬ್ಬರಾಗ ಯಾರ ಕೈ ಖಾಲಿ ಇತ್ತೋ ಅವರು ಸೂಜಿ ಕೊಡಾಕತ್ತಿದ್ವಿ. ನಾ ಒಂದು ಕೊಟ್ಟು ಗೆರಿ ಎಳಿಯಾಕ ಕೈ ಎತ್ತೀನಿ, ಬಾಗಿಲದಾಗ ಯಾವನೋ ಪಿಚಕ್ ಅಂತ ತಂಬಾಕ ಉಗುಳಿದ. ತಡಕೊಳ್ಳಾಕ ಆಗ್ತದೇನ್ರಿ? "ಲೇ, ನಿಮ್ಮಪ್ಪನ ಮನಿ ಅಂತ ತಿಳಿದೀಯೇನು?" ಅಂತ ಗೆರಿ ಬಿಟ್ಟು ಹೋಗಿ, ಅವನ ಕೈಲೇ ಅದನ್ನ ಒರಸಿಸಿ, ಗೆದ್ದು ಬಂದೆ. ಬರೋದ್ರಾಗ ನನ್ನ ಜೋಡಿ ನರ್ಸು ಗ್ವಾಡಿ ನೋಡಿ, ಹೊತ್ತು ಮೀರ್ಯದ ಅಂತ ಗಾಬರ್ಯಾಗಿ ಇನ್ನೊಂದು ಸೂಜಿ ಕೊಟ್ಟು ಗೆರಿ ಎಳದಿದ್ಲು.

ಸ್ವಲ್ಪ ಹೊತ್ತಿಗೆ ಕುರಿಯಾಕಿಯ ಮಾರಿ ಕೆಂಪಗಾತು. ಇಲ್ಲದ ಕುರಿ ಕರೀತ, ಚಾದರ ಕೀಳಾಕತ್ತಿದ್ಲು. ಡಾಕ್ಟರು ಓಡಿಬಂದು ಎಣಿಸಿದ್ರು. ಗೆರಿಗಿಂತ ಖಾಲಿ ಸೀಸೆ ಒಂದು ಹೆಚ್ಚಿಗಿತ್ತು. "ಯಾರು ಗೆರಿ ಎಳಿಲಿಲ್ಲ?" ಅಂದ್ರು.

"ಕೊನೀದು ನಾನೇ ಕೊಟ್ಟೀನ್ರಿ" ಅಂದ್ಲು ನನ್ನ ಗೆಳತಿ. "ಮುಂಜಾನಿಂದ ನಿಂತೀನಿ. ಅದಕ್ಕೂ ಮೊದಲ ಒಂದು ಕೊಟ್ಟು ಮರತಿರಬೇಕು."

ನನ್ನ ಮ್ಯಾಲ ಆಕೀಗೆ ಅನುಮಾನ ಸೈತ ಬರಲಿಲ್ಲ. ನಾ ತುಟಿ ಪಿಟಕ್ ಅನ್ನಲಿಲ್ಲ. ಹೆದರಿದ್ದೆ, ಅಷ್ಟೇ. ಬ್ಯಾರೆ ದೊಡ್ಡ ಕಾರಣ ಏನೂ ಇಲ್ಲ.

ಕುರಿಯಾಕಿ ಮರುದಿನ ಎದ್ದು ಕುಂತು ಗಂಜಿ ಕೇಳಿದ್ಲು. ದೇವರು ದೊಡ್ಡಾಂವ, ಮುಗೀತು ಅಂದ್ಕೊಂಡೆ. ಹದಿನೈದು ದಿನಕ್ಕ ಆ ತಪ್ಪಿಗೇ ಅಂತ ಗೆಳತಿಗೆ ದೇವದುರ್ಗಕ್ಕ ವರ್ಗ ಆತು. ಆಕಿ ತಾಯಿನ್ನ ಕೈ ಹಿಡದು ಬಸ್ ಹತ್ತಿಸಿದಾಕಿ ನಾನೇ. "ಬೇಟಿ, ಅಲ್ಲಿ ಗಲ್ಲಿ ಹೆಂಗದ?" ಅಂತ ಮುದುಕಿ ನನ್ನ ಕೇಳಿದ್ಲು. "ಚಲೋ ಅದ, ಅಮ್ಮಾ" ಅಂದೆ. ಆ ಊರು ನಾ ಕಣ್ಣಿಲೆ ಕಂಡಿರಲಿಲ್ಲ. ಸುಳ್ಳು ಹೇಳಾಕ ಆಗ ಬಾಯಿ ಎಷ್ಟು ಚಂದ ತೆರೀತು, ನೋಡ್ರಿ.

ಎಂಟು ವರ್ಷ ಹೋದ್ವು. ಚುಚ್ಚುಮದ್ದಿನ ಕೆಲಸಕ್ಕ ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ಹೋದಾಕಿ, ಬರೋವಾಗ ಮನಸು ಗಟ್ಟಿ ಮಾಡಿ ದೇವದುರ್ಗದಾಗ ಇಳದು ಆಕಿ ದವಾಖಾನಿಗೆ ಹೋದೆ. "ಬಾ ಬೇ, ಸತ್ತೀಯೇನೋ ಅಂದ್ಕೊಂಡಿದ್ದೆ!" ಅಂತ ಆಕಿ ಬಂದು ತೆಕ್ಕಿಬಿದ್ಲು. ತಾಯಿ ತೀರಿಕೊಂಡು ಎರಡು ವರ್ಷ ಆಗಿತ್ತು. ಇಲ್ಲಿಗೆ ಬಂದಮ್ಯಾಲ ಹೊಸ್ತಿಲು ದಾಟಲೇ ಇಲ್ಲವಂತ.

ಚಹಾ ಕುಡಿಯೋದ್ರಾಗ ಒಬ್ಬ ರೋಗಿ ಬಂದ. ಆಕಿ ಸೂಜ್ಯಾಗ ಔಷಧ ತುಂಬಿ, ಮೊನ್ನೆ ಕೆಲಸಕ್ಕ ಸೇರಿದ ಹುಡುಗಿನ್ನ ಕರದು, "ನೋಡವ್ವಾ, ಸರಿ ಅದ ಏನು? ಇನ್ನೊಮ್ಮೆ ನೋಡು" ಅಂದ್ಲು. ಇಂಥಾ ಕೈ ಇರೋಕಿ ಆ ಎಳೀ ಹುಡುಗಿನ್ನ ಕೇಳಾಕತ್ತಾಳಲ್ಲ ಅಂತ ನನಗ ನಗಿ ಬಂತು. ಯಾಕ ಅಂದೆ.

"ಅವತ್ತಿಂದ ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ ಬೇ. ಕೊಟ್ಟದ್ದೇ ನೆನಪಿಲ್ಲಂದ್ರ ನಾ ಎಂಥಾ ನರ್ಸು?"

ಮುದುಕಿಯ ಗಲ್ಲಿ ಬಿಡಿಸಿದ ಪಾಪ ಒಂದೇ ಹೊತ್ಕೊಂಡು ಬಂದಿದ್ದೆ. ಇದು ನನಗ ಗೊತ್ತೇ ಇರಲಿಲ್ಲ. ನಾಚಿಕಿಲೆ ಸತ್ತು, ತಂಬಾಕದವನಿಂದ ಹಿಡದು ಎಲ್ಲಾ ಹೇಳಿಬಿಟ್ಟೆ.

ಆಕಿ ಚಹಾದ ಕಪ್ಪು ಅತ್ತಾಗ ಸರಿಸಿದ್ಲು.

"ಅಂದ್ರ ನನಗ ಮರವು ಆಗಿರಲಿಲ್ಲೇನು?"

"ಇಲ್ಲ."

"ಒಂದೂ ತಪ್ಪು ಮಾಡಿರಲಿಲ್ಲೇನು?"

"ಒಂದೂ ಇಲ್ಲ."

"ಎಂಟು ವರ್ಷ ದಿನಾ ಅಂಜಿಕೋತ ಕೆಲಸಕ್ಕ ಬಂದೀನಲ್ಲೇ" ಅಂದ್ಲು. "ಈ ಕೆಲಸ ಒಂದೇ ನನಗ ಖುಷಿ ಇತ್ತು. ನಿನಗ ಗೊತ್ತಿತ್ತು."

ನಾ ಆಕಿ ಕೈ ಹಿಡಿಯಾಕ ಹೋದೆ. ಆಕಿ ಕೊಡಲಿಲ್ಲ.