ಸಾಹೇಬರ ಅಂಗಳದ ಗಿಡ

ಅದಕ್ಕೆ ಜಲಕುಂಡಿ ಅಂತಿದ್ದರೋ ಜಲಕುಂಭಿ ಅಂತಿದ್ದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ನೀರಿನ ಮೇಲೆ ತೇಲುವ, ನೇರಳೆ ಹೂವಿನ ಗಿಡ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಭಾಲ್ಕಿ ಕಡೆಯ ನಮ್ಮೂರ ಕೆರೆಯನ್ನು ಅದು ಪೂರ್ತಿ ಮುಚ್ಚಿಬಿಟ್ಟಿತ್ತು. ನೀರಿಗೆ ಬಿಸಿಲಿಲ್ಲ, ಗಾಳಿಯಿಲ್ಲ. ಮೀನು ಸತ್ತು ತೇಲತೊಡಗಿದವು. ಮೀನು ಹಿಡಿದೇ ಬದುಕುವ ಮನೆ ನಮ್ಮದು.

ನಾವು ಹೆಂಗಸರು ಗಿಡ ಕೀಳಲು ಇಳಿದೆವು. ಮೈಸೂರಿನಿಂದ ಹೊಸದಾಗಿ ಬಂದಿದ್ದ ಸಾಹೇಬರು ದಂಡೆಯ ಮೇಲೆ ನಿಂತು ತಡೆದರು.

“ಕೆರೆ ಸರ್ಕಾರದ್ದಮ್ಮಾ. ಅದರಲ್ಲಿ ಬೆಳೆದದ್ದೂ ಸರ್ಕಾರದ್ದೇ. ಅಪ್ಪಣೆ ಬರೋವರೆಗೂ ಮುಟ್ಟಬೇಡಿ.”

“ಹಂಗಾದ್ರ ಮೀನಿಗೂ ಹೇಳ್ರಿ ಸಾಹೇಬ್ರ, ಅಪ್ಪಣಿ ಬರೂತನಕ ಉಸಿರು ಹಿಡ್ಕೊಂಡಿರ್ರಿ ಅಂತ,” ಎಂದಳು ನಮ್ಮವ್ವ.

ಎಲ್ಲರೂ ನಕ್ಕರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು.

“ಸರ್ಕಾರದ ಮಾಲು ನಾವ್ಯಾಕ ಇಟ್ಕೋಬೇಕ್ರಿ? ನಿಮಗ ಮುಟ್ಟಿಸ್ತೇವ್ರಿ,” ಎಂದೆ.

ಕಿತ್ತ ಗಿಡವನ್ನೆಲ್ಲ ಬುಟ್ಟಿಯಲ್ಲಿ ಹೊತ್ತೊಯ್ದು ಅವರ ಕಚೇರಿಯ ಅಂಗಳದಲ್ಲಿ ಸುರಿದೆವು. ಸಂಜೆಯ ಹೊತ್ತಿಗೆ ಬಾಗಿಲು ತೆಗೆಯಲು ಜಾಗವಿರಲಿಲ್ಲ. ಸಾಹೇಬರು ಕಿಟಕಿಯಿಂದಲೇ ಕೂಗಿದರು: “ಸಾಕು ತಾಯಿ! ಎಲ್ಲಾದರೂ ಎಸೀರಿ, ನಾನು ನೋಡಿಲ್ಲ!”

ನಮಗೆ ಅದೇ ಅಪ್ಪಣೆಯಾಯಿತು.

ಈಗ ಮಗಳ ಜೊತೆ ಮೈಸೂರಿನಲ್ಲಿದ್ದೇನೆ. ಇಲ್ಲಿ ನಮ್ಮ ಬೀದಿಯಾಚೆಯ ಕೆರೆಯಲ್ಲೂ ಅದೇ ಹೂ. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೊಮ್ಮಗಳು, ಗಿಡ ತೆಗೆಸೋಕೆ ಪಾಲಿಕೆಗೆ ಅರ್ಜಿ ಕೊಡೋಣ ಅಜ್ಜಿ ಅಂದಳು.

“ಬರಕೋ ಮತ್ತ,” ಎಂದೆ. “ಗಿಡ ನಿಮ್ದಾದ್ರ ಬಂದು ಒಯ್ರಿ. ಇಲ್ಲಾಂದ್ರ ಭಾಲ್ಕಿ ಮುದುಕಿ ಬುಟ್ಟಿ ತಗೊಂಡು ಬರ್ತಾಳ್ರಿ.”