ಯಾವ ಪದರದಲ್ಲೂ ಇಲ್ಲದ ನೆರಳು

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಚ್ಚು ಹಿಡಿಸಿಕೊಂಡಿದ್ದವನು. ದೆವ್ವ, ಶಕುನ, ಮೈಮೇಲೆ ಬರುವುದು, ಇವುಗಳಲ್ಲಿ ಯಾವ ವಿಷಯ ಕೊಟ್ಟರೂ ವಿರೋಧ ಪಕ್ಷದಲ್ಲಿ ನನ್ನ ಹೆಸರು ಇದ್ದೇ ಇರುತ್ತಿತ್ತು. ನೋಡಿದವರು ಯಾರು, ಪರೀಕ್ಷಿಸಿದವರು ಯಾರು, ಇನ್ನೊಮ್ಮೆ ತೋರಿಸಬಲ್ಲವರು ಯಾರು ಎಂದು ಕೇಳಿ ಕೂತುಬಿಟ್ಟರೆ ಎದುರಾಳಿ ತಡವರಿಸುತ್ತಿದ್ದ. ಈಗ ಬರೆಯಹೊರಟಿರುವ ಸಂಗತಿಯ ಕಷ್ಟವೆಂದರೆ ಆ ಪ್ರಶ್ನೆಗಳಿಗೆಲ್ಲ ಇದರಲ್ಲಿ ಉತ್ತರವಿದೆ. ನೋಡಿದವರು ಇದ್ದೇವೆ. ಪರೀಕ್ಷಿಸಿದ್ದೇವೆ. ಬೇಕೆಂದಾಗಲೆಲ್ಲ ಮತ್ತೆ ತೋರಿಸಿದ್ದೇವೆ. ಆದರೂ ಅದು ಏನೆಂದು ಹೇಳಲಾರೆ. ದೆವ್ವವೆಂದು ನಾನು ಇಂದಿಗೂ ನಂಬುವುದಿಲ್ಲ. ಓದುಗರು ನನ್ನನ್ನು ನಂಬುವವರ ಸಾಲಿಗೆ ಸೇರಿಸಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದಲ್ಲಿ, ಒಂದು ಟ್ರಸ್ಟಿನ ನೆರವಿನಿಂದ, ವಿಷುವಲ್ ಎಫೆಕ್ಟ್ಸ್ ಮತ್ತು ಕಂಪ್ಯೂಟರ್ ಅನಿಮೇಷನ್ ಕಲಿಸುವ ಉಚಿತ ತರಗತಿಯೊಂದನ್ನು ನಾನು ನಡೆಸುತ್ತಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಸ್ಸು ಹಿಡಿದು ಬರುವವರು, ಸಿರಿಗೆರೆಯಲ್ಲಿ ಓದು ಮುಗಿಸಿ ಬಂದವರು, ಪೇಟೆಯ ಕುಶಲಕರ್ಮಿಗಳ ಮಕ್ಕಳು, ಹೀಗೆ ಒಂದು ಗುಂಪು ಸೇರಿತ್ತು. ನಮ್ಮ ಊರುಗಳ ಚಿತ್ರವನ್ನು ನಮ್ಮ ಮಕ್ಕಳೇ ತೆಗೆಯಬೇಕು, ತೆರೆಯ ಮೇಲೆ ನಮ್ಮ ಬಂಡೆಗಳೂ ನಮ್ಮ ಮುಖಗಳೂ ಕಾಣಬೇಕು ಎಂಬುದು ನನ್ನ ಆಸೆ. ಆ ಆಸೆಯ ಬಗ್ಗೆ ಈಗ ಮಾತನಾಡಲು ನನಗೇ ಕಹಿಯಾಗುತ್ತದೆ.

ತರಗತಿಯ ಗೋಡೆಯ ಮೇಲೆ ನಾನೇ ಒಂದು ನಿಯಮ ಬರೆಸಿದ್ದೆ. ಈ ವಿದ್ಯೆಯಲ್ಲಿ ಒಂದು ದೃಶ್ಯವೆಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಿದ್ದಂತೆ: ಗುಡ್ಡ ಒಂದು ಪದರ, ಅದರ ಮೇಲೆ ನಡೆಯುವ ಪ್ರಾಣಿ ಒಂದು ಪದರ, ಅದರ ನೆರಳು ಇನ್ನೊಂದು, ಏಳುವ ಧೂಳು ಮತ್ತೊಂದು. ಕೆಲಸ ಮುಗಿದ ಮೇಲೆ ವಿದ್ಯಾರ್ಥಿ ಆ ಪದರಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಬೇಕು. ಇಂಟರ್ನೆಟ್ಟಿನಿಂದ ಎತ್ತಿಕೊಂಡು ತಮ್ಮದೆನ್ನುವ ಚಾಳಿಯನ್ನು ತಡೆಯಲು ನಾನು ಕಟ್ಟುನಿಟ್ಟು ಮಾಡಿದ್ದೆ: ತೆರೆಯ ಮೇಲೆ ಕಾಣುವುದೆಲ್ಲವೂ ಯಾವುದಾದರೂ ಪದರದಲ್ಲಿ ಇರಲೇಬೇಕು, ಇಲ್ಲದಿದ್ದರೆ ಅದು ಕದ್ದದ್ದು.

ಆ ತಂಡದಲ್ಲಿ ಅತ್ಯಂತ ಚುರುಕಾದವಳು ಶಬಾನಾ. ತಂದೆಯದು ಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಅಂಗಡಿ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಮನೆತನ. ಆ ವರ್ಷದ ಕೊನೆಯ ಪ್ರಾಜೆಕ್ಟಿನಲ್ಲಿ ಮೊದಲು ಬಂದವರನ್ನು ನಮ್ಮಲ್ಲೇ ಸಹಶಿಕ್ಷಕರಾಗಿ ಇಟ್ಟುಕೊಳ್ಳುವುದಾಗಿ ಟ್ರಸ್ಟು ಹೇಳಿತ್ತು. ಊರು ಬಿಡದೆ, ಮನೆಯವರನ್ನು ಒಪ್ಪಿಸುವ ಗೋಜಿಲ್ಲದೆ, ತಾನು ಕಲಿತದ್ದರಿಂದಲೇ ಬದುಕಲು ಶಬಾನಾಳಿಗೆ ಇದ್ದದ್ದು ಆ ಒಂದೇ ದಾರಿ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳ ಜೊತೆಗಾರ ತಿಪ್ಪೇಶ, ಹಿರೇಗುಂಟನೂರಿನ ಕಡೆಯ ಕುರಿಗಾರರ ಮನೆಯವನು. ಇಬ್ಬರೂ ಸೇರಿ ಆರಿಸಿಕೊಂಡದ್ದು ಗುಡ್ಡದ ಇಳಿಜಾರಿನಲ್ಲಿ ಸಾಗುವ ಕುರಿಮಂದೆ. ಮಂದೆಯ ಒಂದೊಂದು ಕುರಿಯನ್ನೂ ಕಂಪ್ಯೂಟರಿನಲ್ಲೇ ಸೃಷ್ಟಿಸಬೇಕು. ಮಗ ಇಂಥದ್ದು ಮಾಡುತ್ತಿದ್ದಾನೆಂದು ತಿಳಿದ ದಿನ ತಿಪ್ಪೇಶನ ತಂದೆ ಹನುಮಂತಪ್ಪ ತರಗತಿಗೇ ಬಂದುಬಿಟ್ಟರು.

"ಅಲ್ಲಲೇ, ಹಟ್ಟಿ ತುಂಬ ಕುರಿ ಅವೆ. ಅವುನ್ನ ಬಿಟ್ಟು ಈ ಡಬ್ಬಿಯೊಳಗೆ ಕುರಿ ಮಾಡಾಕೆ ಬಂದೀಯ? ಇದುರ ಉಣ್ಣೆ ಕತ್ತರಸಾಕೆ ಯಾವನ್ನ ಕರೀತೀಯ?"

ಎಲ್ಲರೂ ನಕ್ಕರು. ಶಬಾನಾ ಮಾತ್ರ ಕುರ್ಚಿ ಎಳೆದು, "ಕುಂತ್ಕಳ್ರಿ ಅಪ್ಪಾರೆ. ನಮ್ಮ ಕುರಿ ನಡೆಯೋದು ಸರಿ ಐತೇನು, ಹೇಳ್ರಿ" ಎಂದಳು. ಅವರು ತೆರೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು.

"ಇವೇನವ್ವ, ಸಂತೆಗೆ ಬಂದ ಜನ ಇದ್ದಂಗೆ ಅವೆ, ಒಂದೊಂದು ಒಂದೊಂದು ಕಡೀಗೆ. ಇಳಿಜಾರಿನಾಗೆ ಹಿಂದಿಂದ ಹೊಡದ್ರೆ ಚದರ್ತಾವೆ. ಮುಂದೆ ಒಬ್ಬ ಇರ್ಬೇಕು. ಅವನು ನಡೀತಾನೇ ಇರ್ಬೇಕು, ಹಿಂದಕ್ಕೆ ತಿರುಗಿ ನೋಡಂಗಿಲ್ಲ. ನೋಡಿದ್ನೋ, ಎಲ್ಲಾ ನಿಂತ್ಕಂತಾವೆ."

ಶಬಾನಾ ಹಾಗೆಯೇ ತಿದ್ದಿದಳು. ಆದರೆ ನಡೆಯುವ ಮನುಷ್ಯನನ್ನು ಸೃಷ್ಟಿಸುವುದು ಕುರಿಯನ್ನು ಸೃಷ್ಟಿಸಿದಷ್ಟು ಸುಲಭವಲ್ಲ, ಸಮಯವೂ ಇರಲಿಲ್ಲ. ಆದ್ದರಿಂದ ಮನುಷ್ಯನ ಬದಲು ಒಂದು ಚುಕ್ಕಿ ಇಟ್ಟಳು. ಅದು ಕಂಪ್ಯೂಟರಿನ ಲೆಕ್ಕದಲ್ಲಷ್ಟೇ ಇರುವ ಬಿಂದು. ಅದಕ್ಕೆ ಆಕಾರವಿಲ್ಲ, ಬಣ್ಣವಿಲ್ಲ. ಸಿದ್ಧವಾದ ಚಿತ್ರದಲ್ಲಿ ಅದು ಕಾಣುವುದೂ ಇಲ್ಲ. ಅದು ಮುಂದೆ ಸರಿಯುತ್ತದೆ, ಕುರಿಗಳು ಅದನ್ನು ಹಿಂಬಾಲಿಸುತ್ತವೆ, ಅಷ್ಟೇ. ಮದಕರಿಪುರದಾಚೆಯ ಗುಡ್ಡಕ್ಕೆ ಬೆಳಗಿನ ಬಿಸಿಲಿನಲ್ಲಿ ಹೋಗಿ, ಯಾರೂ ಇಲ್ಲದ ಇಳಿಜಾರನ್ನು ನಾವು ಮೂವರೂ ಕ್ಯಾಮೆರಾದಲ್ಲಿ ಹಿಡಿದು ತಂದೆವು. ದೂರದ ಗಾಳಿಯಂತ್ರಗಳ ರೆಕ್ಕೆ ಬಿಟ್ಟರೆ ಆ ಚಿತ್ರದಲ್ಲಿ ಅಲುಗುವುದು ಏನೂ ಇರಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಪದರಗಳೆಲ್ಲ ಕೂಡಿ ಒಂದೇ ಚಿತ್ರವಾಗಿ ಹೊರಬಂದದ್ದು ಒಂದು ಮಧ್ಯಾಹ್ನ. ಮೂವರೂ ನೋಡಲು ಕುಳಿತೆವು. ಕುರಿಗಳು ಬಂಡೆಯ ಮರೆಯಿಂದ ಇಳಿದು ಬಂದವು. ಚೆನ್ನಾಗಿ ನಡೆಯುತ್ತಿದ್ದವು. ನಾನು ಮೆಚ್ಚುಗೆಯ ಮಾತು ಹೇಳಲು ಬಾಯಿ ತೆರೆದಿದ್ದೆ. ಆಗ ಮಂದೆಯ ಮುಂದೆ ಒಂದು ನೆರಳು ಕಾಣಿಸಿತು.

ಮನುಷ್ಯನ ನೆರಳು. ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಕಂಬಳಿಯ ಕೊಪ್ಪೆ, ಎಡಗೈಯಲ್ಲಿ ಕೋಲು. ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಕಲ್ಲು ಬಂದಲ್ಲಿ ಕಲ್ಲಿನ ಮೇಲೆ ಏರಿ, ಕೊರಕಲು ಬಂದಲ್ಲಿ ಇಳಿದು, ನಿಜವಾದ ನೆರಳು ಹೇಗೆ ಮಡಚಿಕೊಳ್ಳುತ್ತದೆಯೋ ಹಾಗೆಯೇ ಮಡಚಿಕೊಳ್ಳುತ್ತ ಸಾಗುತ್ತಿತ್ತು. ನೆರಳಿಗೆ ತಕ್ಕ ಮನುಷ್ಯ ಎಲ್ಲೂ ಇರಲಿಲ್ಲ. ಆಕಾರವಿಲ್ಲದ ಆ ಚುಕ್ಕಿ ಇದ್ದಿರಬೇಕಾದ ಜಾಗದಲ್ಲಿ ಅದು ನಡೆಯುತ್ತಿತ್ತು. ದೃಶ್ಯ ಮುಗಿಯುವ ಮುನ್ನ ಕೊಪ್ಪೆ ಹೊದ್ದ ಆ ತಲೆ ಹಿಂದಕ್ಕೆ ತಿರುಗಿತು. ಚೌಕಟ್ಟನ್ನು ದಾಟಿ ಹೋಗಬೇಕಿದ್ದ ಕುರಿಗಳು ಅಲ್ಲೇ ನಿಂತವು.

"ಲೇ ತಿಪ್ಪ, ನಿಂದಾ ಈ ಕಿತಾಪತಿ?" ಎಂದಳು ಶಬಾನಾ. ಅವನ ಮುಖ ನೋಡಿದ ಮೇಲೆ ಮತ್ತೆ ಕೇಳಲಿಲ್ಲ.

ಮುಂದಿನ ದಿನಗಳಲ್ಲಿ ನಾವು ಮಾಡಿದ ಪರೀಕ್ಷೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗುಡ್ಡದ ಪದರವನ್ನು ಒಂದೇ ತೆರೆದು ನೋಡಿದರೆ ನೆರಳಿಲ್ಲ. ಕುರಿಗಳ ಪದರದಲ್ಲಿಲ್ಲ. ಕುರಿಗಳ ನೆರಳಿನ ಪದರದಲ್ಲಿ ಕುರಿಗಳ ನೆರಳಷ್ಟೇ. ಧೂಳಿನಲ್ಲಿಲ್ಲ. ಎಲ್ಲವನ್ನೂ ಕೂಡಿಸಿದರೆ ಇದೆ. ಕೂಡಿಸಿದವುಗಳಲ್ಲಿ ಯಾವ ಒಂದನ್ನು ತೆಗೆದರೂ ಮಾಯ, ಮತ್ತು ಕುರಿಗಳ ಪದರ ಉಳಿದಿದ್ದರೆ ಅವೂ ನಿಲ್ಲದೆ ಚೌಕಟ್ಟು ದಾಟಿ ಹೋಗುತ್ತವೆ. ಬೇರೆ ಕಂಪ್ಯೂಟರಿಗೆ ಸಾಗಿಸಿದೆವು. ಹಳೆಯ ಕಡತಗಳನ್ನು ಅಳಿಸಿ ಮೊದಲಿನಿಂದ ಕೂಡಿಸಿದೆವು. ತಂತ್ರಾಂಶದ ದೋಷವಿರಬಹುದೆಂದು ನಾನು ವಾದಿಸಿದೆ. ದೋಷವು ಚಿತ್ರವನ್ನು ಹರಿದುಹಾಕೀತು, ಬಣ್ಣ ಕೆಡಿಸೀತು. ಎಡಗೈಗೆ ಕೋಲು ಕೊಡುವ ದೋಷವನ್ನು ನಾನು ಕಂಡಿಲ್ಲ, ಕೇಳಿಲ್ಲ.

ತಿಪ್ಪೇಶ ತಂದೆಯನ್ನು ಕರೆತಂದ. ಹನುಮಂತಪ್ಪ ನಿಂತೇ ನೋಡಿದರು. ಹೆದರಲಿಲ್ಲ, ಕೈ ಮುಗಿಯಲೂ ಇಲ್ಲ. ಯಾರೆಂದು ಗುರುತು ಸಿಕ್ಕಿತೇ ಎಂದು ನಾನು ಕೇಳಿದೆ.

"ಯಾರೋ ಏನೋ, ನಮ್ಮೋರಲ್ಲ ಸ್ವಾಮಿ. ನಮ್ಮ ಕಡೆ ಎಡಗೈಯಾಗೆ ಕೋಲು ಹಿಡಿಯೋರು ಯಾರೂ ಇಲ್ಲ. ಆದ್ರೆ ಕುರಿ ಅವನ್ನ ನಂಬ್ಯಾವೆ ನೋಡ್ರಿ." ತೆರೆಯತ್ತ ಬಾಗಿ, "ಹಂಗಿದ್ದೋನು ಯಾಕೆ ತಿರುಗಿದ?" ಎಂದು ತಮಗೆ ತಾವೇ ಕೇಳಿಕೊಂಡರು.

ಆ ನೆರಳನ್ನು ಒರೆಸಿಹಾಕುವುದು ಶಬಾನಾಳಿಗೆ ಕಷ್ಟವಿರಲಿಲ್ಲ. ಓಡುವ ಚಿತ್ರದ ಒಂದೊಂದು ಬಿಡಿಚಿತ್ರಕ್ಕೂ ಬಣ್ಣ ಬಳಿದು ಮುಚ್ಚಬಹುದಿತ್ತು. ಅವಳು ಒಪ್ಪಲಿಲ್ಲ. "ಇದ್ದದ್ದನ್ನ ಇಲ್ಲ ಅಂತ ಹೆಂಗೆ ತೋರ್ಸಾದು ಸರ್? ಎಲ್ಲಾ ಬಿಚ್ಚಿ ತೋರ್ಸಬೇಕು ಅಂತ ನೀವೇ ಬರೆಸೀರಲ್ಲ ಗೋಡೆ ಮ್ಯಾಲೆ" ಎಂದಳು. ನನಗೆ ಹೆಮ್ಮೆಯಾಯಿತು. ಸತ್ಯಕ್ಕೆ ಹೆದರದ ಒಬ್ಬಳನ್ನಾದರೂ ತಯಾರು ಮಾಡಿದೆನಲ್ಲ ಎಂದುಕೊಂಡೆ.

ತರಗತಿಯಲ್ಲೇ ನಡೆದ ಪ್ರದರ್ಶನದ ದಿನ ತೀರ್ಪು ಕೊಡಲು ಹೊರಗಿನಿಂದ ಒಬ್ಬ ತಜ್ಞರು ಬಂದಿದ್ದರು. ಟ್ರಸ್ಟಿನ ಕಾರ್ಯದರ್ಶಿ ಅವರ ಪಕ್ಕದಲ್ಲಿ, ನಾನು ಅವರ ಪಕ್ಕದಲ್ಲಿ, ಮುಂದಿನ ಸಾಲು. ವಿದ್ಯಾರ್ಥಿಗಳೆಲ್ಲ ನಮ್ಮ ಹಿಂದೆ. ಚಿತ್ರ ಓಡಿಸುವ ಕಂಪ್ಯೂಟರು ಎಲ್ಲರಿಗಿಂತ ಹಿಂದೆ. ಅದರ ಮುಂದೆ ಶಬಾನಾ ನಿಂತಿದ್ದಳು. ಕುರಿಗಳು ಬಂದವು, ನೆರಳು ಬಂದಿತು, ತಿರುಗಿತು, ಮಂದೆ ನಿಂತಿತು. ತಜ್ಞರು ಚಪ್ಪಾಳೆ ತಟ್ಟಿದರು.

"ವಾಹ್! ಮನುಷ್ಯನನ್ನ ತೋರಿಸದೆ ಬರೀ ನೆರಳು ತೋರಿಸಿದ್ದೀರಲ್ಲ, ಇಡೀ ತಂಡದಲ್ಲಿ ಇಂಥ ಕಲ್ಪನೆ ಇನ್ನೊಂದಿಲ್ಲ. ಎಲ್ಲಿ, ಆ ನೆರಳಿನ ಪದರ ತೆಗೀರಿ ನೋಡೋಣ."

"ಅದು ನಾನು ಮಾಡಿದ್ದಲ್ಲ ಸರ್" ಎಂದಳು ಶಬಾನಾ.

ಅವರು ತಮಾಷೆಯೆಂದುಕೊಂಡರು. ಮತ್ತೆ ಕೇಳಿದರು. ಅವಳು ಪದರಗಳನ್ನು ಒಂದೊಂದಾಗಿ ಬಿಚ್ಚಿದಳು. ನೆರಳು ಯಾವುದರಲ್ಲೂ ಇರಲಿಲ್ಲ. ತಜ್ಞರ ಮುಖದ ನಗು ಇಳಿಯಿತು. ಯಾರದೋ ಕೆಲಸ ತಂದು ಸೇರಿಸಿ ಮೂಲ ಪದರವನ್ನು ಬಚ್ಚಿಟ್ಟಿದ್ದೀರಿ ಎಂದರು. "ಅಲ್ಲ ಸರ್, ಅದು ತಾನಾಗೇ ಬರ್ತೈತೆ" ಎಂದಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಒಂದು ಸಣ್ಣ ಸುಳ್ಳು, ‘ನಾನೇ ಮಾಡಿದ್ದು, ಕಡತ ಅಳಿಸಿಹೋಯಿತು’ ಎಂಬ ಒಂದು ಮಾತು ಸಾಕಿತ್ತು, ಕೆಲಸ ಅವಳದಾಗುತ್ತಿತ್ತು. ಅವಳು ಆ ಮಾತು ಆಡಲಿಲ್ಲ.

ತಜ್ಞರು ನನ್ನ ಕಡೆ ತಿರುಗಿದರು. "ನೀವು ಇವರ ಗುರುಗಳು. ನೀವೇ ಹೇಳಿ. ಈ ಹುಡುಗಿ ಹೇಳುತ್ತಿರುವುದು ನಿಜವೋ, ಅಲ್ಲವೋ?"

ನಿಜವೆಂದರೆ, ಜೀವಮಾನವಿಡೀ ನಾನು ಅಲ್ಲಗಳೆದದ್ದಕ್ಕೆ ನನ್ನ ಬಾಯಿಂದಲೇ ಸಾಕ್ಷಿ ನುಡಿದಂತೆ. ಅಲ್ಲವೆಂದರೆ ಸುಳ್ಳು. ನಾನು ಹಿಂತಿರುಗಿ ಶಬಾನಾಳ ಮುಖ ನೋಡಿದೆ. ಪದರಗಳನ್ನು ಮತ್ತೆ ಕೂಡಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಹೇಳಿದೆ: "ಅದು ಏನೆಂದು ನನಗೆ ಗೊತ್ತಿಲ್ಲ." ನನ್ನ ತಿಳಿವಳಿಕೆಯಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ವಾಕ್ಯವನ್ನು ನಾನು ಯಾವ ವೇದಿಕೆಯಲ್ಲೂ ಆಡಿರಲಿಲ್ಲ. ಕಾರ್ಯದರ್ಶಿ ಗೋಡೆಯ ಮೇಲಿನ ನಿಯಮವನ್ನು ಬೆರಳಿಟ್ಟು ತೋರಿಸಿದರು. ಶಬಾನಾ ಮತ್ತು ತಿಪ್ಪೇಶರ ಪ್ರಾಜೆಕ್ಟು ಕಳವಿನದೆಂದು ತೀರ್ಮಾನವಾಯಿತು. ಕೆಲಸ ಸಿಕ್ಕಿದ್ದು ತನ್ನ ಪ್ರಾಜೆಕ್ಟಿನಲ್ಲಿ ಅಂತರಿಕ್ಷ ನೌಕೆ ಹಾರಿಸಿದ ಇನ್ನೊಬ್ಬ ವಿದ್ಯಾರ್ಥಿಗೆ. ಎಲ್ಲಿಂದಲೋ ಇಳಿಸಿಕೊಂಡ ಸಿದ್ಧ ನೌಕೆಯನ್ನೇ ತುಂಡು ಮಾಡಿ, ತುಂಡಿಗೊಂದು ಹೆಸರಿಟ್ಟು, ಪದರ ಪದರವಾಗಿ ಅಚ್ಚುಕಟ್ಟಾಗಿ ಬಿಚ್ಚಿ ತೋರಿಸಿದ್ದ. ಅದು ಕೋಣೆಯಲ್ಲಿದ್ದ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿತ್ತು.

ಮರುವರ್ಷ ನಾನು ಆ ಜಾಗ ಬಿಟ್ಟೆ. ಅದೇ ಕೋಣೆಯಲ್ಲಿ, ಅದೇ ಕಂಪ್ಯೂಟರುಗಳಲ್ಲಿ ಈಗ ಸಭೆ ಸಮಾರಂಭಗಳ ವಿಡಿಯೋ ಕೆಲಸ ನಡೆಯುತ್ತದೆ. ಖಾಲಿ ಕುರ್ಚಿಗಳ ಮೇಲೆ ಕಂಪ್ಯೂಟರಿನಲ್ಲೇ ಹುಟ್ಟಿಸಿದ ಜನರನ್ನು ಕೂರಿಸುತ್ತಾರೆ. ಬಾರದ ಸಾವಿರಾರು ಮಂದಿ ಮುಖಂಡರ ಮಾತಿಗೆ ಕೈ ಎತ್ತಿ ಕೂಗುತ್ತಾರೆ. ಮಂದೆಯನ್ನು ನಡೆಸಲು ಶಬಾನಾ ಕಟ್ಟಿದ ಲೆಕ್ಕವನ್ನೇ ಅದಕ್ಕೆ ಬಳಸುತ್ತಾರೆಂದು ತಿಪ್ಪೇಶ ಹೇಳಿದ. ಆ ಜನರ ಪದರ ಬಿಚ್ಚಿ ತೋರಿಸಿ ಎಂದು ಈವರೆಗೆ ಯಾರೂ ಕೇಳಿಲ್ಲ. ಗೋಡೆಗೆ ಸುಣ್ಣ ಹೊಡೆಸಿದ್ದಾರಂತೆ.

ಈಚೆಗೆ ಪೇಟೆಗೆ ಹೋದಾಗ ಹಾಸಿಗೆ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಶಬಾನಾ ಒಳಗೆ ಕುಳಿತು ದಿಂಬಿನ ಬಾಯಿ ಹೊಲಿಯುತ್ತಿದ್ದಳು. ಕೂದಲ ಮೇಲೆ ಹತ್ತಿಯ ಎಳೆಗಳು ಕೂತಿದ್ದವು. ಜನ ಕೂರಿಸುವ ಕೆಲಸಕ್ಕೆ ಅವಳನ್ನೂ ಕರೆದಿದ್ದರಂತೆ, ಹೋಗಲಿಲ್ಲವಂತೆ. ಚಹಾ ತರಿಸಿದಳು. ಆ ದೃಶ್ಯ ಈಗಲೂ ಅವಳ ಹಳೆಯ ಫೋನಿನಲ್ಲಿದೆ. ಇಬ್ಬರೂ ಮತ್ತೊಮ್ಮೆ ನೋಡಿದೆವು. ನೆರಳು ಹಾಗೆಯೇ ನಡೆಯುತ್ತದೆ, ಹಾಗೆಯೇ ತಿರುಗುತ್ತದೆ. ಅದು ಯಾರದೆಂದಾಗಲಿ, ಹೇಗೆ ಬಂದಿತೆಂದಾಗಲಿ ನನಗೆ ಅಂದು ತಿಳಿದಿರಲಿಲ್ಲ, ಇಂದೂ ತಿಳಿದಿಲ್ಲ. ನಾನು ಅದನ್ನೇ ಅವಳಿಗೆ ಹೇಳಿದೆ. ಅಂದೂ ನಾನು ಇದ್ದದ್ದನ್ನೇ ಹೇಳಿದೆನಲ್ಲವೇ ಎಂದೆ.

ಅವಳು ಫೋನನ್ನು ದಿಂಬಿನ ಮೇಲೆ ಬೋರಲು ಮಲಗಿಸಿ ಸೂಜಿ ಎತ್ತಿಕೊಂಡಳು.

"ಹೂಂ ಸರ್, ಸುಳ್ಳೇನು ಹೇಳಲಿಲ್ಲ ನೀವು" ಎಂದಳು. "ಆದ್ರೆ ಹೇಳಾಕಿಂತ ಮೊದ್ಲು ತಿರುಗಿ ನೋಡಿದ್ರಿ. ನಾವು ಅಲ್ಲೇ ನಿಂತ್ಬಿಟ್ವಿ."