ಮಸ್ಕತ್ತಿಗೆ ಮೂರು ತಾಸು

"ನಾ ಸತ್ತರ ನಸ್ರೀನ ಬಂದು ಮಾರಿ ನೋಡಿದ ಮ್ಯಾಲೇ ಮಣ್ಣಿಗೆ ಕೊಡು."

ಒಂಬತ್ತು ವರ್ಷದ ಹಿಂದೆ, ಮಗಳು ಮಸ್ಕತ್ತಿಗೆ ಮನೆಗೆಲಸಕ್ಕೆ ಹೊರಟ ದಿನ, ಇಂಡಿ ಊರಿನ ಹಮಾಲ ಮೈಬೂಬ ಹೆಂಡತಿಗೆ ಹೇಳಿದ್ದು ಇದು. ರಹಿಮಾಬಿ ಗಂಡನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು.

ಈಗ ಬೆಳಗಿನ ಐದೂವರೆ. ಇಂಡಿ ಹೊರಗಿನ ತಗಡಿನ ಶೆಡ್ಡಿನಲ್ಲಿ, ಲಿಂಬೆಹಣ್ಣಿನ ರಾಶಿಯ ಮುಂದೆ ರಹಿಮಾಬಿ ಕಾಲು ಮಡಚಿ ಕೂತಿದ್ದಾರೆ. ವಯಸ್ಸು ಐವತ್ತೆಂಟು. ಕೈಗೆ ಬಂದ ಹಣ್ಣನ್ನು ಒಮ್ಮೆ ಹೊರಳಿಸುತ್ತಾರೆ. ಗಟ್ಟಿ ಹಸಿರು ಎಡಕ್ಕೆ, ಅದು ವಿಮಾನ ಹತ್ತುತ್ತದೆ. ಹಳದಿ ಬಲಕ್ಕೆ, ಅದು ಸಂತೆಗೆ. ಮೆತ್ತಗಾದದ್ದು ಹಿಂದಕ್ಕೆ. ದಿನಕ್ಕೆ ಎಂಟು ಸಾವಿರ ಹಣ್ಣು. ಬೆರಳ ಸೀಳುಗಳಿಗೆ ಹುಳಿ ಇಳಿದು ಇಳಿದು ಊಟದಲ್ಲಿ ಖಾರ ಮುಟ್ಟಲಾಗುವುದಿಲ್ಲ. ರೊಟ್ಟಿಗೆ ಬರೀ ಮೊಸರು.

"ಇಕಿ ಕಣ್ಣು ಕೈಯಾಗ ಅದಾವ್ರಿ. ಮಾರಿ ಮ್ಯಾಲಿನವು ಬರೇ ಜಗಳಕ್ಕ" ಎನ್ನುತ್ತಾರೆ ಪಕ್ಕದಲ್ಲಿ ಕೂತ ತಿಪ್ಪವ್ವ.

"ನಿನ್ನ ರಾಶಿ ನೋಡ್ಕೋ ಮೊದಲ. ಕೊಳತದ್ದೆಲ್ಲಾ ಪೆಟ್ಟಿಗ್ಯಾಗ ತುಂಬಾಕತ್ತಿ."

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಇಂಡಿ ಬಿಟ್ಟರೆ ಅವರು ನೋಡಿದ್ದು ಸಿಂದಗಿ, ಒಮ್ಮೆ ತಂಗಿಯ ಮದುವೆಗೆಂದು ಬಸವನ ಬಾಗೇವಾಡಿ. ಶೆಡ್ಡಿನ ಮೇಸ್ತ್ರಿ ದಿನವೂ ಕೂಗುವುದು ಒಂದೇ: "ಜಲ್ದಿ ತುಂಬ್ರಿ, ಮಸ್ಕತ್ತಿಗೆ ಮೂರ ತಾಸು." ಮಗಳೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಳು. ಪೆಟ್ಟಿಗೆ ಹೊತ್ತ ಲಾರಿ ಹೊರಡುವುದು ಇವರು ಮನೆಗೆ ಹೋದ ಮೇಲೆ. ಅದು ವಿಮಾನ ಸಿಗುವ ಮುಂಬೈ ಮುಟ್ಟಲು ಇಡೀ ರಾತ್ರಿ ಓಡಬೇಕೆಂದು ಯಾರೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಹೋದ ಬೇಸಿಗೆಯ ಒಂದು ನಸುಕಿನಲ್ಲಿ ಮೈಬೂಬ ಎದೆನೋವಿನಿಂದ ತೀರಿಕೊಂಡರು. ಮಸ್ಕತ್ತಿಗೆ ಫೋನು ಹೋಯಿತು. "ಹೊಂಟೆ ಅಮ್ಮಾ" ಎಂದಳು ನಸ್ರೀನ. ಮಧ್ಯಾಹ್ನವೇ ಮಣ್ಣು ಮಾಡುವುದೆಂದು ಜಮಾತಿನ ಹಿರಿಯ ಫಕ್ರುದ್ದೀನ ಹೇಳಿದಾಗ ರಹಿಮಾಬಿ ತಡೆದರು. "ಬ್ಯಾಡ್ರಿ ಭಾಯಿ. ಇಳಿಹೊತ್ತಿನ ಅಸರ್ ನಮಾಜಿನತನಕ ತಡೀರಿ. ಮೂರ ತಾಸಿನ ದಾರಿ." ವಿಮಾನದ ಮಾಲು ತುಂಬುವವರ ಮಾತು ಎಂದು, ವಿಮಾನ ಎಲ್ಲಿ ಇಳಿಯುತ್ತದೆಂದು ಕೇಳದೆ, ಫಕ್ರುದ್ದೀನರೂ ನಂಬಿದರು.

ಮಂಜುಗಡ್ಡೆ ತರಿಸಿದರು. ಎರಡು ಸಲ ಬದಲಿಸಿದರು. ನಾಲ್ಕು ಗಂಟೆಗೆ ನಸ್ರೀನ ಫೋನಿಗೆ ಸಿಕ್ಕಳು. ಇನ್ನೂ ಮಸ್ಕತ್ತಿನಲ್ಲೇ ಇದ್ದಳು. ಮುಂಬೈಗೆ ಹೋಗುವ ಸಂಜೆಯ ವಿಮಾನಕ್ಕೆ ಸೀಟು ಸಿಕ್ಕಿತ್ತು.

"ಮುಂಬೈದಾಗ ಇಳಿದ ಮ್ಯಾಲೆ?" ಫಕ್ರುದ್ದೀನ ಮೆಲ್ಲಗೆ ಕೇಳಿದರು. "ಅಲ್ಲಿಂದ ನಾಕನೂರ ಐವತ್ತ ಕಿಲೋಮೀಟರ್ ಐತಿ ತಂಗೀ. ಹತ್ತ ತಾಸು."

"ಮೂರ ಅಂತಿದ್ರಲ್ರಿ ಎಲ್ಲಾರೂ."

"ಅದು ಮ್ಯಾಲಿನ ದಾರಿ ಅಷ್ಟ."

ಶೆಡ್ಡಿನಲ್ಲಿ ಕೂತು ಇದನ್ನು ಹೇಳುವಾಗಲೂ ಹಣ್ಣು ಆರಿಸುವ ರಹಿಮಾಬಿಯ ಕೈ ನಿಲ್ಲುವುದಿಲ್ಲ. "ನನಗ ಯಾರೂ ಸುಳ್ಳ ಹೇಳಿಲ್ರಿ. ಲಿಂಬಿಕಾಯಿ ಮುಟ್ಟತಾವಂದ್ರ ಮನಶ್ಯಾರು ಮುಟ್ಟೂದಿಲ್ಲೇನು ಅಂದ್ಕೊಂಡಿದ್ದೆ. ಮಂಜುಗಡ್ಡಿ ಕರಗಿ ನೀರು ಹೊಸ್ತಿಲಕ್ಕ ಬಂದಿತ್ತು. ಮಂದಿ ನನ್ನ ಮಾರಿ ನೋಡಾಕತ್ತಿದ್ರು. ಕಡೀಕ ನಾನ ಅಂದೆ, ಎತ್ರಿ ಅಂತ."

ಅಸರ್ ನಮಾಜು ಮುಗಿಯುತ್ತಲೇ ಮಣ್ಣು ಮಾಡಿದರು. ನಸ್ರೀನ ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂದಳು. ರಹಿಮಾಬಿ ಗಂಡನಿಗೆ ಕೊಟ್ಟ ಮಾತು ನಡೆಯಲಿಲ್ಲ.